ಅಮೆರಿಕದಲ್ಲಿ ವಲಸಿಗರನ್ನು ಹಿಡಿಯಲು ಸೈನ್ಯ ಬಳಸಬಹುದೇ? ಪದೇ ಪದೇ ಕೇಳುವ ಪ್ರಶ್ನೆಗಳು

2025ರ ಜೂನ್‌ನಲ್ಲಿ, ವಲಸಿಗರ ದಸ್ತಗಿರಿ ವಿರೋಧಿಸಿ ಪ್ರತಿಭಟನೆ ಎದ್ದ ಲಾಸ್ ಏಂಜಲೀಸ್‌ನ ರಸ್ತೆಗೆ ಸೈನಿಕರು ಇಳಿದ ಮೇಲೆ ಊರಿನಿಂದ ಬರುವ ಫೋನಿನ ಧಾಟಿಯೇ ಬದಲಾಯಿತು. "ಊಟ ಆಯ್ತಾ" ಆದ ಕೂಡಲೇ "ಅಲ್ಲಿ ಮಿಲಿಟರಿ ಬಂದಿದೆಯಂತಲ್ಲ?" ಫೋನಿನಲ್ಲಿ, ಪತ್ರದಲ್ಲಿ, ಕನ್ನಡ ಕೂಟದ ಊಟದ ಸಾಲಿನಲ್ಲಿ ಮತ್ತೆ ಮತ್ತೆ ಕೇಳಿದ್ದನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಇಲ್ಲಿರುವುದು 2025ರ ಕೊನೆಯವರೆಗಿನ ಸಂಗತಿ. ನಿಮ್ಮದೇ ಒಂದು ಕೇಸ್ ಇದ್ದರೆ ಇದನ್ನು ನಂಬಿ ಕೂರಬೇಡಿ, ವಲಸೆ ವಕೀಲರ ಹತ್ತಿರ ಹೋಗಿ.

## ಬುಡದ ಪ್ರಶ್ನೆಗಳು

"ಸುತ್ತಿ ಬಳಸಿ ಹೇಳಬೇಡಿ. ಮಿಲಿಟರಿಯವರು ವಲಸಿಗರನ್ನು ಅರೆಸ್ಟ್ ಮಾಡಬಹುದಾ, ಇಲ್ವಾ?"

ಸಾಮಾನ್ಯವಾಗಿ ಇಲ್ಲ. 1878ರ ಪಾಸಿ ಕಾಮಿಟೇಟಸ್ ಕಾಯ್ದೆ ಅದಕ್ಕೆ ಅಡ್ಡ ಬರುತ್ತದೆ. ಸಂವಿಧಾನವೋ ಸಂಸತ್ತಿನ ಕಾಯ್ದೆಯೋ ಸ್ಪಷ್ಟವಾಗಿ ಅನುಮತಿ ಕೊಡದ ಹೊರತು ಕಾನೂನು ಜಾರಿ ಮಾಡಿಸಲು ಸೈನ್ಯವನ್ನು ಬಳಸುವುದು ಅಪರಾಧ, ಎರಡು ವರ್ಷದವರೆಗೆ ಜೈಲು. ಆದರೆ ಆ "ಹೊರತು" ಅನ್ನುವ ಪದದೊಳಗೇ ಹತ್ತಾರು ಬಾಗಿಲುಗಳಿವೆ. ಒಬ್ಬ ಸೈನಿಕ ರಸ್ತೆಯಲ್ಲಿ ಕಂಡ ಮಾತ್ರಕ್ಕೆ ಕಾನೂನು ಮುರಿಯಿತು ಅನ್ನಲಾಗದು. ಅವನು ಅಲ್ಲಿ ಏನು ಮಾಡುತ್ತಿದ್ದಾನೆ, ಯಾರ ಅಪ್ಪಣೆಯ ಮೇಲೆ ನಿಂತಿದ್ದಾನೆ, ಯಾವ ಕಾಯ್ದೆಯ ಹೆಸರು ಹೇಳಿ ಅವನನ್ನು ಕಳಿಸಿದ್ದಾರೆ ಎಂದು ಕೇಳಬೇಕು. ಮುಂದಿನ ಉತ್ತರಗಳೆಲ್ಲ ಇದರ ಸುತ್ತಲೇ.

"ಟಿವಿಯಲ್ಲಿ ಹಸಿರು ಡ್ರೆಸ್ಸು, ಹೆಲ್ಮೆಟ್ಟು, ರೈಫಲ್ಲು ಹಾಕ್ಕೊಂಡವರೇ ಜನರನ್ನು ಎಳ್ಕೊಂಡು ಹೋಗೋದು ನೋಡಿದ್ವಲ್ಲ. ಅವರು ಮಿಲಿಟರಿ ಅಲ್ಲದೆ ಮತ್ಯಾರು?"

ಬಹುಮಟ್ಟಿಗೆ ಅವರು ಐಸ್ ಅನ್ನುವ ವಲಸೆ ಜಾರಿ ಸಂಸ್ಥೆಯವರು, ಇಲ್ಲವೇ ಬಾರ್ಡರ್ ಪೆಟ್ರೋಲ್‌ನವರು. ಎರಡೂ ಗೃಹಭದ್ರತಾ ಇಲಾಖೆಯ ಕೆಳಗೆ ಬರುತ್ತವೆ, ರಕ್ಷಣಾ ಇಲಾಖೆಗೆ ಸೇರಿದವಲ್ಲ. ನಮ್ಮ ಬಿಎಸ್‌ಎಫ್ ಜವಾನ ಮಿಲಿಟರಿಯವನ ಹಾಗೇ ಕಂಡರೂ ಗೃಹ ಸಚಿವಾಲಯದವನು ತಾನೇ? ಹಾಗೇ ಇದು. 1878ರ ಕಾಯ್ದೆ ಅವರ ಗೋಜಿಗೇ ಹೋಗುವುದಿಲ್ಲ. ವಲಸಿಗರನ್ನು ಹಿಡಿಯುವುದೇ ಅವರ ನೌಕರಿ. ಕೋಸ್ಟ್ ಗಾರ್ಡ್ ಕೂಡ ಹೀಗೇ ಹೊರಗೆ ಉಳಿದಿದೆ. ಪೊಲೀಸ್ ಕೆಲಸದವರಿಗೆ ಯುದ್ಧದ ವೇಷ ಯಾಕೆ ಅನ್ನುವುದು ನನ್ನ ಪ್ರಶ್ನೆಯೂ ಹೌದು, ಆದರೆ ಈ ಕಾಯ್ದೆಯಲ್ಲಿ ಅದಕ್ಕೆ ಉತ್ತರವಿಲ್ಲ.

"ಪಾಸಿ ಕಾಮಿಟೇಟಸ್! ಬಾಯಿಗೇ ಬರಲ್ಲ. ಏನದು, ಎಲ್ಲಿಂದ ಬಂತು?"

ಲ್ಯಾಟಿನ್ ಮಾತು, "ಜಿಲ್ಲೆಯ ಬಲ" ಎಂದಿಟ್ಟುಕೊಳ್ಳಿ. ಹಳೆಯ ಇಂಗ್ಲೆಂಡಿನಲ್ಲಿ ಕಳ್ಳನ ಬೆನ್ನು ಹತ್ತಲು ಶೆರಿಫ್ ಕೂಗು ಹಾಕಿದರೆ ಊರಿನ ಗಟ್ಟಿ ಗಂಡಸರೆಲ್ಲ ಕೋಲು ಹಿಡಿದು ಹೊರಡಬೇಕಿತ್ತು. ಆ ಗುಂಪಿಗೆ ಈ ಹೆಸರು.

ಇದರಲ್ಲಿ ಸೈನ್ಯ ಬಂದು ಸೇರಿದ ಕತೆ ಅಷ್ಟು ಚೆಂದದ್ದಲ್ಲ. 1854ರಲ್ಲಿ ಅಮೆರಿಕದ ಅಟಾರ್ನಿ ಜನರಲ್ ಕೇಲೆಬ್ ಕುಶಿಂಗ್, ಸೈನಿಕರನ್ನೂ ಹೀಗೆ ಕೂಗಿ ಕರೆಯಬಹುದು ಎಂದು ಅಭಿಪ್ರಾಯ ಕೊಟ್ಟ. ಆಗ ಬೇಕಾಗಿದ್ದದ್ದು ಓಡಿಹೋದ ಗುಲಾಮರನ್ನು ಹಿಡಿದು ಯಜಮಾನರಿಗೆ ಒಪ್ಪಿಸಲು. ಅಂತರ್ಯುದ್ಧ ಮುಗಿದ ಮೇಲೆ ಅದೇ ಸೈನ್ಯ ದಕ್ಷಿಣದ ರಾಜ್ಯಗಳಲ್ಲಿ ಕರಿಯರ ಮತದಾನಕ್ಕೆ ಕಾವಲು ನಿಂತಿತು. ದಕ್ಷಿಣದ ಬಿಳಿಯ ನಾಯಕರಿಗೆ ಕಣ್ಣು ಕೆಂಪಾದದ್ದು ಆಗ. 1876ರ ಚುನಾವಣೆಯ ಫಲಿತಾಂಶ ವಿವಾದಕ್ಕೆ ಸಿಕ್ಕಿ, ಕೊನೆಗೆ ರುದರ್‌ಫರ್ಡ್ ಹೇಯ್ಸ್ ಅಧ್ಯಕ್ಷರಾದರು. ದಕ್ಷಿಣದವರ ಆ ಸಿಟ್ಟಿನ ಬೆನ್ನಿಗೇ ಕೆಂಟಕಿಯ ಪ್ರೊಕ್ಟರ್ ನಾಟ್ ಎಂಬ ಸಂಸತ್ ಸದಸ್ಯರು ಸೈನ್ಯದ ಬಜೆಟ್ ಮಸೂದೆಯ ಬಾಲಕ್ಕೆ ಈ ನಿಷೇಧವನ್ನು ಕಟ್ಟಿದರು. 1878ರ ಜೂನ್ 18ರಂದು ಅದು ಕಾಯ್ದೆಯಾಯಿತು. ಅಂದರೆ ಇಂದು ವಲಸಿಗರಿಗೆ ಆಸರೆಯಾಗಿ ನಿಂತಿರುವ ಕಾಯ್ದೆ ಹುಟ್ಟಿದ್ದು ಕರಿಯರಿಗಿದ್ದ ಆಸರೆಯನ್ನು ಕಿತ್ತುಹಾಕಲು.

ಮೊದಲಿಗೆ ಅದರಲ್ಲಿದ್ದದ್ದು ಭೂಸೇನೆ ಮಾತ್ರ. ವಾಯುಪಡೆ 1956ರಲ್ಲಿ ಸೇರಿತು. ನೌಕಾಪಡೆ, ಮರೀನ್ ಪಡೆ, ಹೊಸ ಬಾಹ್ಯಾಕಾಶ ಪಡೆಗಳ ಹೆಸರು ಕಾಯ್ದೆಗೆ ಸೇರಿದ್ದು 2021ರ ಡಿಸೆಂಬರ್‌ನಲ್ಲಿ.

"ನಮ್ಮಲ್ಲಿ ಗಲಾಟೆ ಜೋರಾದ್ರೆ ಡಿಸಿ ಮಿಲಿಟರಿ ಕರೆಸ್ತಾರೆ, ಪಥಸಂಚಲನ ಆಗುತ್ತೆ, ಮುಗೀತು. ಅಲ್ಲಿ ಯಾಕೆ ಇಷ್ಟು ರಗಳೆ?"

ನಮ್ಮಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 149ನೇ ಕಲಂ ಪ್ರಕಾರ, ಬೇರೆ ದಾರಿಯೇ ಇಲ್ಲದಿದ್ದಾಗ ಗುಂಪು ಚದುರಿಸಲು ಜಿಲ್ಲಾ ಮ್ಯಾಜಿಸ್ಟ್ರೇಟರು ಸೇನೆಯ ನೆರವು ಪಡೆಯಬಹುದು. ಅಮೆರಿಕದಲ್ಲಿ ಮೇಯರ್‌ಗಾಗಲೀ ಕಲೆಕ್ಟರ್‌ನಂಥ ಅಧಿಕಾರಿಗಾಗಲೀ ಕೇಂದ್ರದ ಸೈನ್ಯವನ್ನು ಕರೆಸುವ ಅಧಿಕಾರವಿಲ್ಲ. ಪೊಲೀಸು ಅಲ್ಲಿ ರಾಜ್ಯ, ಕೌಂಟಿ, ನಗರಗಳ ಸ್ವತ್ತು. ಕೇಂದ್ರದ ಬಂದೂಕು ಊರೊಳಗೆ ಬರುವುದೆಂದರೆ ಬ್ರಿಟಿಷ್ ರಾಜನ ಕೆಂಪಂಗಿಯವರು ಬಂದ ನೆನಪು. ನಮ್ಮ ಈಶಾನ್ಯದಲ್ಲಿ 1958ರ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯ ಕೆಳಗೆ ಬದುಕಿದವರನ್ನು ಕೇಳಿದರೆ ಈ ಅಂಜಿಕೆ ಅಮೆರಿಕದವರದ್ದು ಮಾತ್ರ ಅಲ್ಲ ಎಂದು ಹೇಳಿಯಾರು.

## ಗೆರೆ ಎಲ್ಲಿದೆ

"ಸಹಾಯ ಮಾಡಬಹುದು, ಹಿಡಿಯಬಾರದು ಅಂತೀರಿ. ಹಾಗಂದ್ರೆ ಏನೇನು ಮಾಡಬಹುದು?"

1981ರಲ್ಲಿ ಮಾದಕ ವಸ್ತುಗಳ ಕಾಟ ಹೆಚ್ಚಾದಾಗ ಸಂಸತ್ತು ಇದನ್ನು ಬಿಡಿಸಿ ಬರೆಯಿತು. ಸೈನ್ಯ ತನಗೆ ಸಿಕ್ಕ ಮಾಹಿತಿ ಕೊಡಬಹುದು, ವಾಹನ, ರಡಾರ್, ಕಟ್ಟಡಗಳನ್ನು ಎರವಲು ಕೊಡಬಹುದು, ತರಬೇತಿ ಕೊಡಬಹುದು, ಯಂತ್ರಗಳನ್ನು ನಡೆಸಿಕೊಡಬಹುದು. ಶೋಧನೆ, ಜಪ್ತಿ, ದಸ್ತಗಿರಿ ಮತ್ತು ಆ ಬಗೆಯ ಕೆಲಸದಲ್ಲಿ ನೇರವಾಗಿ ಕೈಹಾಕುವಂತಿಲ್ಲ. ಸೈನ್ಯದ ಯುದ್ಧಸಿದ್ಧತೆಗೆ ಧಕ್ಕೆಯಾಗುವಂತಿದ್ದರೆ ಈ ನೆರವೂ ಇಲ್ಲ.

ಇನ್ನು ಕೋರ್ಟುಗಳ ಅಳತೆಗೋಲು. ಅದು ರೂಪುಗೊಂಡದ್ದು 1973ರ ವೂಂಡೆಡ್ ನೀ ಪ್ರಕರಣಗಳಲ್ಲಿ. ದಕ್ಷಿಣ ಡಕೋಟಾದ ಆ ಹಳ್ಳಿಯನ್ನು ಮೂಲನಿವಾಸಿ ಹೋರಾಟಗಾರರು ಹಿಡಿದು ಕೂತಾಗ ಎಫ್‌ಬಿಐಗೆ ಸೈನ್ಯ ವಾಹನ ಕೊಟ್ಟಿತ್ತು, ಸಲಹೆಯನ್ನೂ ಕೊಟ್ಟಿತ್ತು. ಆಮೇಲೆ ಬೇರೆ ಬೇರೆ ನ್ಯಾಯಾಧೀಶರು ಬೇರೆ ಬೇರೆ ಮಾತಿನಲ್ಲಿ ಕೇಳಿದರು: ಸೈನಿಕರು ನೇರವಾಗಿ ಪೊಲೀಸ್ ಕೆಲಸ ಮಾಡಿದರೇ? ಇಡೀ ಕಾರ್ಯಾಚರಣೆಯಲ್ಲಿ ಅವರೇ ತುಂಬಿಕೊಂಡಿದ್ದರೇ? ನಾಗರಿಕರು ಅವರ ಆಜ್ಞೆಗೆ, ಬಲಕ್ಕೆ ಒಳಗಾಗಬೇಕಾಯಿತೇ? ಮೂರರಲ್ಲಿ ಒಂದಕ್ಕೆ ಹೌದು ಎಂದರೂ ಸರ್ಕಾರಕ್ಕೆ ತೊಂದರೆ.

"ಅಮೃತಸರಕ್ಕೆ ನಮ್ಮವರನ್ನ ಕೋಳ ಹಾಕಿ ತಂದದ್ದು ಮಿಲಿಟರಿ ವಿಮಾನದಲ್ಲೇ. ಅದು ತಪ್ಪಲ್ವಾ?"

2025ರ ಫೆಬ್ರವರಿ 5ರಂದು 104 ಭಾರತೀಯರನ್ನು ಹೊತ್ತ ಸಿ-17 ಅಮೃತಸರದಲ್ಲಿ ಇಳಿದಾಗ ಕೈಗೆ, ಕಾಲಿಗೆ ಸರಪಳಿ ಹಾಕಿದ ದೃಶ್ಯ ಕಂಡು ನನಗೂ ಊಟ ಸೇರಲಿಲ್ಲ. ಆದರೆ ಈ ಕಾಯ್ದೆಯ ಲೆಕ್ಕದಲ್ಲಿ ಅದು ತಪ್ಪಾಗುವುದು ಕಷ್ಟ. ವಿಮಾನ ಕೊಡುವುದು, ಅದನ್ನು ಹಾರಿಸುವುದು ನೆರವಿನ ಪಟ್ಟಿಗೆ ಸೇರಿದ್ದು. ಗಡೀಪಾರು ಮಾಡಿದ್ದೂ, ಕೋಳ ಹಾಕಿ ಕಾವಲು ಕಾದದ್ದೂ ವಲಸೆ ಇಲಾಖೆಯ ವಶದಲ್ಲಿದ್ದವರ ಮೇಲೆ, ಆ ಇಲಾಖೆಯ ಹೆಸರಿನಲ್ಲಿ. ಮರುದಿನ ವಿದೇಶಾಂಗ ಸಚಿವ ಜೈಶಂಕರ್ ರಾಜ್ಯಸಭೆಯಲ್ಲಿ, ಕೋಳ ಹಾಕುವುದು 2012ರಿಂದ ಐಸ್ ಪಾಲಿಸುತ್ತಿರುವ ಕ್ರಮ ಎಂದರು. ಅಮಾನುಷವೋ ಅಲ್ಲವೋ ಎಂಬುದು ಬೇರೆಯೇ ವಾದ, ಬೇರೆಯೇ ಕಾನೂನು. ಸೈನ್ಯದ ನೆಲೆಗಳಲ್ಲಿ ವಲಸಿಗರನ್ನು ಕೂಡಿಹಾಕಲು ಜಾಗ ಕೊಡುವುದಕ್ಕೂ ಇದೇ ತರ್ಕ ಹೊಂದುತ್ತದೆ. ಆದರೆ ಬೀಗದ ಕೈ ಸೈನಿಕನ ಸೊಂಟಕ್ಕೆ ಬಂದರೆ ಗೆರೆ ದಾಟಿದ ಹಾಗೆ.

"ನ್ಯಾಷನಲ್ ಗಾರ್ಡ್ ಅಂದ್ರೆ ನಮ್ಮ ಹೋಂ ಗಾರ್ಡ್ ಥರಾನಾ?"

ಅಲ್ಲ. ದಸರಾ ಬಂದೋಬಸ್ತಿಗೆ ನಿಲ್ಲುವ ಹೋಂ ಗಾರ್ಡ್‌ಗಳಿಗೂ ಇವರಿಗೂ ಹೋಲಿಕೆ ಒಂದೇ: ಉಳಿದ ದಿನ ಇಬ್ಬರೂ ಬೇರೆ ಕೆಲಸ ಮಾಡುತ್ತಾರೆ. ಗಾರ್ಡ್‌ನವರು ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆರಡು ವಾರ ಕವಾಯತು ಮಾಡುವ ಪೂರಾ ಸೈನಿಕರು. ಇರಾಕಿಗೂ ಹೋಗಿ ಬಂದವರು.

ಇಡೀ ಗೊಂದಲ ಇರುವುದು ಅವರ ಟೋಪಿಯಲ್ಲಿ. ಗವರ್ನರ್ ಕರೆದು ರಾಜ್ಯವೇ ಸಂಬಳ ಕೊಟ್ಟರೆ ಅವರು ರಾಜ್ಯದ ಪಡೆ. (ಗವರ್ನರ್ ಎಂದಾಗ ನಮ್ಮ ರಾಜ್ಯಪಾಲರನ್ನು ನೆನೆಯಬೇಡಿ, ಜನ ಆರಿಸಿದ ಮುಖ್ಯಮಂತ್ರಿ ಎಂದುಕೊಳ್ಳಿ.) ಗವರ್ನರ್ ಅಪ್ಪಣೆ, ಕೇಂದ್ರದ ಸಂಬಳ ಎಂದಾದರೆ ಅದು ಅಮೆರಿಕದ ಕಾನೂನು ಸಂಹಿತೆಯ 32ನೇ ಶೀರ್ಷಿಕೆ. ಈ ಎರಡು ಟೋಪಿಗಳಿಗೂ 1878ರ ಕಾಯ್ದೆ ತಾಗುವುದಿಲ್ಲ. ಅಧ್ಯಕ್ಷರೇ ಅವರನ್ನು ಕೇಂದ್ರದ ಸೇವೆಗೆ ತೆಗೆದುಕೊಂಡರೆ, ಅಂದರೆ 10ನೇ ಶೀರ್ಷಿಕೆಗೆ ಬಂದರೆ, ಆ ಕ್ಷಣದಿಂದ ತಾಗುತ್ತದೆ. ಮನುಷ್ಯ ಅವನೇ, ಬಂದೂಕು ಅದೇ, ಕಾನೂನು ಬೇರೆ.

ಹಾಗಾಗಿಯೇ 2025ರ ಫೆಬ್ರವರಿಯಲ್ಲಿ ಟೆಕ್ಸಾಸ್ ಗವರ್ನರ್ ಗ್ರೆಗ್ ಅಬಟ್ ಕೇಂದ್ರದೊಡನೆ ಒಪ್ಪಂದ ಮಾಡಿಕೊಂಡು ತಮ್ಮ ಗಾರ್ಡ್‌ನವರಿಗೆ ವಲಸೆ ದಸ್ತಗಿರಿಯ ಅಧಿಕಾರವನ್ನೇ ಕೊಡಿಸಿದರು. ಕಾಯ್ದೆಯನ್ನು ಮುರಿಯುವ ಅಗತ್ಯವೇ ಬರಲಿಲ್ಲ, ಪಕ್ಕದ ಗೇಟಿನಿಂದ ಹೋದರು. ರಾಜಧಾನಿ ವಾಷಿಂಗ್ಟನ್‌ನದು ಇನ್ನೊಂದು ವಿಚಿತ್ರ: ಅದಕ್ಕೆ ಗವರ್ನರೇ ಇಲ್ಲ, ಅಲ್ಲಿನ ಗಾರ್ಡ್ ಯಾವಾಗಲೂ ಅಧ್ಯಕ್ಷರ ಕೈಕೆಳಗೆ.

"ಮಗಳು ಅಲ್ಲೇ ಎಂಎಸ್ ಓದ್ತಿದ್ದಾಳೆ. ದಾರೀಲಿ ಸೈನಿಕ ನಿಲ್ಲಿಸಿ ವೀಸಾ ತೋರಿಸು ಅಂದ್ರೆ?"

ಕೇಂದ್ರದ ಸೇವೆಯಲ್ಲಿರುವ ಸೈನಿಕನಿಗೆ ರಸ್ತೆಯಲ್ಲಿ ವಲಸೆ ಕಾಗದ ಕೇಳುವ ಅಧಿಕಾರ ಇಲ್ಲ. ಕೇಳುವವನು ಹೆಚ್ಚಾಗಿ ಐಸ್‌ನವನೋ ಬಾರ್ಡರ್ ಪೆಟ್ರೋಲ್‌ನವನೋ ಆಗಿರುತ್ತಾನೆ. "ನೀವು ಯಾವ ಸಂಸ್ಥೆಯವರು" ಎಂದು ಸಮಾಧಾನವಾಗಿ ಕೇಳಲಿ. 18 ದಾಟಿದ ವಿದೇಶಿಯರು ತಮ್ಮ ನೋಂದಣಿ ದಾಖಲೆ ಜೊತೆಗಿಟ್ಟುಕೊಳ್ಳಬೇಕೆಂಬ ನಿಯಮ ಬಹಳ ಹಿಂದಿನಿಂದ ಇದೆ. ಹಾಗಾಗಿ ದೇಶದೊಳಗೆ ಬಂದದ್ದರ ದಾಖಲೆಯಾದ ಐ-94ರ ಒಂದು ಪ್ರಿಂಟ್ ಬ್ಯಾಗಿನಲ್ಲಿರಲಿ. ಓಡುವುದು, ಸುಳ್ಳು ಹೇಳುವುದು ಎರಡೂ ಬೇಡ. ಬಾಯಿ ಬಿಡದೆ ವಕೀಲರನ್ನು ಕೇಳುವ ಹಕ್ಕು ಪ್ರಜೆಯಲ್ಲದವರಿಗೂ ಇದೆ.

ಒಂದು ಎಚ್ಚರ. ಸರ್ಕಾರಿ ಕಟ್ಟಡದ ಸುತ್ತ ಸೈನಿಕರು ಕಾವಲಿದ್ದರೆ, ಹಗ್ಗ ದಾಟಿದವರನ್ನು ಪೊಲೀಸರು ಬರುವ ತನಕ ತಡೆದಿಟ್ಟುಕೊಳ್ಳಬಹುದು ಎಂಬುದು ಸರ್ಕಾರದ ನಿಲುವು. 2025ರ ಜೂನ್ 13ರಂದು ಲಾಸ್ ಏಂಜಲೀಸ್‌ನ ಒಂದು ಫೆಡರಲ್ ಕಟ್ಟಡದ ಬಳಿ ಹಳದಿ ಪಟ್ಟಿ ದಾಟಿ ಹೋದ ಒಬ್ಬರನ್ನು ಮರೀನ್‌ಗಳು ನೆಲಕ್ಕೆ ಕೂರಿಸಿ, ಕೈಗೆ ಪ್ಲಾಸ್ಟಿಕ್ ಪಟ್ಟಿ ಬಿಗಿದರು. ಆಮೇಲೆ ಗೊತ್ತಾಯಿತು, ಆತ ಹೊರಟಿದ್ದು ಅದೇ ಕಟ್ಟಡದಲ್ಲಿರುವ ಮಾಜಿ ಸೈನಿಕರ ಕಚೇರಿಗೆ. ವಲಸೆ ಬಂದು, ಅಮೆರಿಕದ ಸೇನೆಯಲ್ಲಿ ದುಡಿದು, ಆ ಮೂಲಕವೇ ಪೌರತ್ವ ಪಡೆದ ಮನುಷ್ಯ. ಬಿಟ್ಟು ಕಳಿಸಿದರು.

## ಗಡಿಯ ಮೇಲೆ

"ಗಡಿಗೆ ಸೈನ್ಯ ಕಳಿಸಿದ್ರೆ ಯಾರೂ ಅಷ್ಟಾಗಿ ತಕರಾರು ಮಾಡಲ್ಲ. ಯಾಕೆ?"

ಯಾಕೆಂದರೆ ಎರಡೂ ಪಕ್ಷದವರು ಕಳಿಸಿದ್ದಾರೆ. ಕಿರಿಯ ಬುಷ್ 2006ರಲ್ಲಿ 6000ದವರೆಗೆ ಗಾರ್ಡ್‌ನವರನ್ನು, ಒಬಾಮ 2010ರಲ್ಲಿ 1200 ಮಂದಿಯನ್ನು, ಬೈಡನ್ 2023ರಲ್ಲಿ 1500 ಸೈನಿಕರನ್ನು. ತಂತಿಬೇಲಿ ಎಳೆಯುವುದು, ಕ್ಯಾಮೆರಾ ನೋಡುವುದು, ಲಾರಿ ರಿಪೇರಿ, ಕಡತದ ಕೆಲಸ. ಕಂಡದ್ದನ್ನು ವೈರ್‌ಲೆಸ್‌ನಲ್ಲಿ ಹೇಳಿದರೆ ಬಾರ್ಡರ್ ಪೆಟ್ರೋಲ್ ಬಂದು ಹಿಡಿಯುತ್ತದೆ.

ಆದರೆ ಗಡಿಯಲ್ಲಿ ಬರೀ "ನೋಡುವ" ಕೆಲಸವೂ ಹೇಗೆ ಕೆಡಬಹುದೆಂದು ತಿಳಿಯಲು ಟೆಕ್ಸಾಸ್‌ನ ರೆಡ್‌ಫರ್ಡ್ ಎಂಬ ಪುಟ್ಟ ಊರಿಗೆ ಹೋಗಬೇಕು. 1997ರ ಮೇ 20ರ ಸಂಜೆ. ರಿಯೊ ಗ್ರಾಂಡೆ ನದಿಯ ಹತ್ತಿರ, ಶಾಲೆ ಮುಗಿಸಿ ಬಂದ 18 ವರ್ಷದ ಹುಡುಗ ಆಡು ಮೇಯಿಸುತ್ತಿದ್ದ. ಕೈಯಲ್ಲಿ ಹಳೆಯ .22 ರೈಫಲ್. ಮಾದಕ ವಸ್ತು ಸಾಗಣೆ ಗಮನಿಸಲು ಬಂದ ನಾಲ್ವರು ಮರೀನ್‌ಗಳು ಮೈಗೆಲ್ಲ ಹುಲ್ಲು ಪೊದೆಯಂಥ ಮರೆಮಾಚು ಬಟ್ಟೆ ತೊಟ್ಟು ಅಡಗಿದ್ದರು. ಅವನು ತಮ್ಮ ಕಡೆ ಗುಂಡು ಹಾರಿಸಿದನೆಂದು ಅವರೆಂದರು. ಪೊದೆಯೊಳಗೆ ಇರುವವರು ಯಾರೆಂದು ಅವನಿಗೆ ಗೊತ್ತಿರಲು ಸಾಧ್ಯವೇ? ಹಿಂಬಾಲಿಸಿ ಹೋಗಿ ಹೊಡೆದರು, ಸತ್ತ. ಹುಟ್ಟಿದಾರಭ್ಯ ಅಮೆರಿಕದ ಪ್ರಜೆ. ಗ್ರ್ಯಾಂಡ್ ಜ್ಯೂರಿ ಯಾರ ಮೇಲೂ ದೋಷಾರೋಪ ಹೊರಿಸಲಿಲ್ಲ. ಆದರೆ ಗಡಿಯಲ್ಲಿ ಸಶಸ್ತ್ರ ಸೈನಿಕರ ಇಂಥ ಗಸ್ತನ್ನು ರಕ್ಷಣಾ ಇಲಾಖೆ ನಿಲ್ಲಿಸಬೇಕಾಯಿತು.

"ಗಡಿಯ ಜಾಗವನ್ನೇ ಮಿಲಿಟರಿ ಕ್ಯಾಂಪ್ ಅಂತ ಮಾಡಿದ್ರಂತೆ, ನಿಜವಾ?"

ನಿಜ, ಮತ್ತು ಬಹಳ ಬುದ್ಧಿವಂತಿಕೆಯ ಉಪಾಯ. 1907ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕ್ಯಾಲಿಫೋರ್ನಿಯಾ, ಅರಿಜೋನಾ, ನ್ಯೂ ಮೆಕ್ಸಿಕೊಗಳಲ್ಲಿ ಮೆಕ್ಸಿಕೊ ಗಡಿಯ ಗುಂಟ 60 ಅಡಿ ಅಗಲದ ಪಟ್ಟಿಯನ್ನು ಸರ್ಕಾರಕ್ಕೆಂದು ಮೀಸಲಿಟ್ಟಿದ್ದರು. 2025ರ ಏಪ್ರಿಲ್‌ನಿಂದ ಗಡಿಯ ಇಂಥ ಸರ್ಕಾರಿ ಜಮೀನನ್ನು ಸೈನ್ಯಕ್ಕೆ ವಹಿಸಿ "ರಾಷ್ಟ್ರೀಯ ರಕ್ಷಣಾ ಪ್ರದೇಶ" ಎಂದು ಹೆಸರಿಟ್ಟರು. ನ್ಯೂ ಮೆಕ್ಸಿಕೊದ ಪಟ್ಟಿ ಅರಿಜೋನಾದ ಫೋರ್ಟ್ ವಾಚುಕಾ ನೆಲೆಯ ಭಾಗ, ಟೆಕ್ಸಾಸ್‌ನದು ಫೋರ್ಟ್ ಬ್ಲಿಸ್‌ನ ಭಾಗ ಎಂದಾಯಿತು. ತನ್ನ ನೆಲೆಗೆ ನುಗ್ಗಿದವನನ್ನು ಯಾವ ಸೈನ್ಯವೂ ಹಿಡಿದಿಟ್ಟುಕೊಳ್ಳಬಹುದಲ್ಲ! ಅದು ಸೇನೆಯ ಸ್ವಂತ ಕೆಲಸ, ಅದರಿಂದ ಪೊಲೀಸರಿಗೆ ಲಾಭವಾದರೆ ಕಾಕತಾಳೀಯ ಎಂಬ ವಾದ.

ಕೇಳಲು ಸಲೀಸು, ಕೋರ್ಟಿನಲ್ಲಿ ಅಷ್ಟು ಸಲೀಸಾಗಲಿಲ್ಲ. 2025ರ ಮೇಯಲ್ಲಿ ನ್ಯೂ ಮೆಕ್ಸಿಕೊದ ಮ್ಯಾಜಿಸ್ಟ್ರೇಟ್ ನ್ಯಾಯಾಧೀಶರು ಹಲವಾರು ಮಂದಿಯ ಮೇಲಿನ ಅತಿಕ್ರಮ ಪ್ರವೇಶದ ಆರೋಪಗಳನ್ನು ವಜಾ ಮಾಡಿದರು. ತಾವು ಕಾಲಿಟ್ಟದ್ದು ಸೇನಾನೆಲೆಗೆ ಎಂದು ಆ ಜನರಿಗೆ ತಿಳಿದಿತ್ತು ಅನ್ನುವುದಕ್ಕೆ ಆಧಾರ ಎಲ್ಲಿ ಎಂದು ಕೇಳಿದರು. ಮರಳುಗಾಡಿನಲ್ಲಿ ಅಲ್ಲೊಂದು ಇಲ್ಲೊಂದು ಫಲಕ ನೆಟ್ಟರೆ ಸಾಕಾಗಲಿಲ್ಲ.

## ಕಗ್ಗಂಟುಗಳು

"ಲಾಸ್ ಏಂಜಲೀಸ್‌ನಲ್ಲಿ ಅಧ್ಯಕ್ಷರು ಗೆದ್ದರಾ, ಸೋತರಾ? ಒಬ್ಬೊಬ್ರು ಒಂದೊಂದು ಹೇಳ್ತಾರೆ."

ಹೇಳುವವರೆಲ್ಲ ಸರಿಯೇ, ಏಕೆಂದರೆ ತೀರ್ಪು ಹಿಂದೆ ಮುಂದೆ ಓಲಾಡಿತು. ಜೂನ್ 7ರಂದು ಟ್ರಂಪ್ ಕ್ಯಾಲಿಫೋರ್ನಿಯಾ ಗವರ್ನರ್ ಗ್ಯಾವಿನ್ ನ್ಯೂಸಮ್ ಅವರ ಮಾತು ಮೀರಿ ಗಾರ್ಡ್‌ನವರನ್ನು ಕೇಂದ್ರದ ಸೇವೆಗೆ ತೆಗೆದುಕೊಂಡರು. ಕೊನೆಗೆ ಸುಮಾರು 4000 ಗಾರ್ಡ್‌ನವರು, 700 ಮರೀನ್‌ಗಳು ಬಂದರು. ಬಳಸಿದ್ದು ದಂಗೆ ಕಾಯ್ದೆ (ಅದರ ವಿಚಾರ ಮುಂದಿದೆ) ಅಲ್ಲ, 10ನೇ ಶೀರ್ಷಿಕೆಯ 12406ನೇ ಕಲಂ. ಪರದೇಶದ ದಾಳಿ, ಬಂಡಾಯ, ಇಲ್ಲವೇ "ರೆಗ್ಯುಲರ್ ಫೋರ್ಸಸ್" ಇಟ್ಟುಕೊಂಡೂ ಕಾನೂನು ಜಾರಿ ಮಾಡಲಾಗದ ಸ್ಥಿತಿ, ಈ ಮೂರರಲ್ಲಿ ಒಂದಿದ್ದರೆ ಗಾರ್ಡ್‌ನವರನ್ನು ಕರೆಯಬಹುದು ಅನ್ನುತ್ತದೆ ಆ ಕಲಂ.

ನ್ಯಾಯಾಧೀಶ ಚಾರ್ಲ್ಸ್ ಬ್ರೇಯರ್ ಜೂನ್ 12ರಂದು ತಡೆದರು. ಒಂದು ವಾರದಲ್ಲಿ ಒಂಬತ್ತನೇ ಸರ್ಕಿಟ್ ಮೇಲ್ಮನವಿ ಕೋರ್ಟು ಆ ತಡೆಯನ್ನು ತಡೆಯಿತು. ಸೆಪ್ಟೆಂಬರ್ 2ರಂದು ವಿಚಾರಣೆ ಮುಗಿಸಿದ ಬ್ರೇಯರ್, 1878ರ ಕಾಯ್ದೆ ಉಲ್ಲಂಘನೆಯಾಗಿದೆ ಎಂದೇ ತೀರ್ಪಿತ್ತರು. ಅದಕ್ಕೂ ಮೇಲಿನವರು ತಡೆ ಕೊಟ್ಟರು. ಆ ತೀರ್ಪಿನಲ್ಲಿ ನನ್ನ ಕಣ್ಣು ನಿಂತದ್ದು ಸೈನಿಕರಿಗೆ ಕೊಟ್ಟ ತರಬೇತಿ ಹಾಳೆಗಳ ಮೇಲೆ. ಮಾಡಬಾರದ ಕೆಲಸಗಳ ಪಟ್ಟಿ ಅದರಲ್ಲೇ ಇತ್ತು. ಆದರೆ ಗಸ್ತು, ಸಂಚಾರ ನಿಯಂತ್ರಣ, ಗುಂಪು ನಿಯಂತ್ರಣ, ಗಲಭೆ ನಿಯಂತ್ರಣ ಈ ನಾಲ್ಕಕ್ಕೆ "ಸಂವಿಧಾನದ ವಿನಾಯಿತಿ" ಇದೆ ಎಂದು ಹೇಳಿಕೊಡಲಾಗಿತ್ತು. ಸರ್ಕಾರಿ ಆಸ್ತಿ, ನೌಕರರನ್ನು ಕಾಯಲು ಅಧ್ಯಕ್ಷರಿಗೆ ಸಹಜ ಅಧಿಕಾರವಿದೆ ಎಂಬ ಹಳೆಯ ವಾದ ಅದು. ಆಸ್ತಿ ಕಾಯುವುದು ಬೇರೆ, ಜುಲೈ 7ರಂದು ಮೆಕಾರ್ಥರ್ ಪಾರ್ಕಿಗೆ ಕುದುರೆಯೇರಿ ಹೊರಟ ವಲಸೆ ಅಧಿಕಾರಿಗಳ ಜೊತೆ ಸೇನಾ ವಾಹನ ಸಾಲುಗಟ್ಟುವುದು ಬೇರೆ. ಬ್ರೇಯರ್ ಆ ವಾದ ಒಪ್ಪಲಿಲ್ಲ.

"ಶಿಕಾಗೋ ಕೇಸಲ್ಲಿ ಸುಪ್ರೀಂ ಕೋರ್ಟು ಏನಂತು?"

2025ರ ಡಿಸೆಂಬರ್ 23ರಂದು 6-3ರಲ್ಲಿ, ಗಾರ್ಡ್‌ನವರನ್ನು ಇಳಿಸಲು ಅವಕಾಶ ಕೊಡಿ ಎಂಬ ಸರ್ಕಾರದ ಕೋರಿಕೆಯನ್ನು ತಳ್ಳಿಹಾಕಿತು. ಇಡೀ ಜಗಳ "ರೆಗ್ಯುಲರ್ ಫೋರ್ಸಸ್" ಎಂಬ ಎರಡು ಪದದ ಮೇಲೆ. ಅದು ಐಸ್‌ನಂಥ ನಾಗರಿಕ ಪಡೆ ಎಂದು ಸರ್ಕಾರ. ಅಲ್ಲ, ಬಹುಶಃ ಕಾಯಂ ಸೈನ್ಯ ಎಂದು ಕೋರ್ಟು. ಹಾಗಾದರೆ ಪರಿಣಾಮ ತಮಾಷೆಯಾಗಿದೆ. ಕಾಯಂ ಸೈನ್ಯದಿಂದಲೂ ಕಾನೂನು ಜಾರಿಯಾಗದು ಎಂದರೆ ಮಾತ್ರ ಗಾರ್ಡ್‌ನವರು ಬರಬಹುದು. ಆದರೆ ಕಾನೂನು ಜಾರಿಗೆ ಕಾಯಂ ಸೈನ್ಯ ಬಳಸುವುದನ್ನೇ 1878ರ ಕಾಯ್ದೆ ನಿಷೇಧಿಸುತ್ತದೆ. ಇನ್ಯಾವ ಕಾಯ್ದೆಯಿಂದ ಆ ಅಧಿಕಾರ ಬಂತೆಂದು ಸರ್ಕಾರ ತೋರಿಸಲಿಲ್ಲ. ಇದು ಮಧ್ಯಂತರ ಆದೇಶ, ಕೊನೆಯ ತೀರ್ಪಲ್ಲ. ಆದರೂ ವರ್ಷದ ಕೊನೆಯ ದಿನ ಶಿಕಾಗೋ, ಲಾಸ್ ಏಂಜಲೀಸ್, ಪೋರ್ಟ್‌ಲ್ಯಾಂಡ್‌ಗಳಿಂದ ಗಾರ್ಡ್‌ನವರನ್ನು ವಾಪಸು ಕರೆಸಿಕೊಳ್ಳುವುದಾಗಿ ಟ್ರಂಪ್ ಪ್ರಕಟಿಸಿದರು.

"ದಂಗೆ ಕಾಯ್ದೆ ಹೇರಿದ್ರೆ ಎಲ್ಲಾ ಮುಗೀತು ಅಂತಾರಲ್ಲ?"

ಇನ್ಸರೆಕ್ಷನ್ ಆ್ಯಕ್ಟ್, 1807ರದು. ಎಲ್ಲಕ್ಕಿಂತ ಅಗಲವಾದ ಬಾಗಿಲು ಇದೇ. ರಾಜ್ಯ ಕೇಳಿಕೊಂಡರೆ ಅಧ್ಯಕ್ಷರು ಸೈನ್ಯ ಕಳಿಸಬಹುದು. ಕೇಳದಿದ್ದರೂ, ಅಡ್ಡಿ ಆತಂಕಗಳಿಂದ ಕೋರ್ಟಿನ ಮಾಮೂಲು ದಾರಿಯಲ್ಲಿ ಕೇಂದ್ರದ ಕಾನೂನು ಜಾರಿ ಮಾಡಲಾಗದೆಂದು "ಅಧ್ಯಕ್ಷರು ಭಾವಿಸಿದರೆ" ಕಳಿಸಬಹುದು. ಮೊದಲು ಚದುರಿ ಹೋಗಿ ಎಂದು ಘೋಷಣೆ ಹೊರಡಿಸಬೇಕು, ಅಷ್ಟೇ. ಅಧ್ಯಕ್ಷರ ಅಂಥ ತೀರ್ಮಾನವನ್ನು ಕೋರ್ಟುಗಳು ಕೆದಕಲು ಹಿಂಜರಿಯುವುದು 1827ರಷ್ಟು ಹಿಂದಿನಿಂದ ಬಂದ ರೂಢಿ. ಹಾಗೆಂದು ಸಂವಿಧಾನ ಅಮಾನತಾಗುವುದಿಲ್ಲ. ಕಾರಣವಿಲ್ಲದೆ ಮನೆಗೆ ನುಗ್ಗುವುದು ಆಗಲೂ ತಪ್ಪೇ.

ಇದೇ ಕಾಯ್ದೆಯಿಂದ 1957ರಲ್ಲಿ ಐಸೆನ್‌ಹೋವರ್ ಭೂಸೇನೆಯ 101ನೇ ಪ್ಯಾರಾಶೂಟ್ ದಳವನ್ನು ಲಿಟಲ್ ರಾಕ್‌ಗೆ ಕಳಿಸಿ ಒಂಬತ್ತು ಕರಿಯ ಮಕ್ಕಳನ್ನು ಶಾಲೆಯೊಳಗೆ ಕರೆದೊಯ್ದರು. ಆದ್ದರಿಂದ ಇದನ್ನು ಬರೀ ಗುಮ್ಮ ಎಂದು ನಾನು ಹೇಳಲಾರೆ. ನಾನು ಬರೆಯುತ್ತಿರುವ ಅವಧಿಯವರೆಗೆ ಕೊನೆಯ ಬಳಕೆ 1992ರ ಲಾಸ್ ಏಂಜಲೀಸ್ ಗಲಭೆಯಲ್ಲಿ, ಗವರ್ನರ್ ಕೋರಿಕೆಯ ಮೇಲೆ. ಆಗಿನದೇ ಒಂದು ಪ್ರಸಂಗವಿದೆ. ಕಾಂಪ್ಟನ್‌ನಲ್ಲಿ ಗಂಡ-ಹೆಂಡತಿ ಜಗಳದ ಮನೆಗೆ ಪೊಲೀಸರು ಮರೀನ್‌ಗಳ ಜೊತೆ ಹೋದರು. ಒಳಗಿನಿಂದ ಗುಂಡು ಬಂತು. ಪೊಲೀಸನೊಬ್ಬ "ಕವರ್ ಮಿ" ಎಂದು ಕೂಗಿದ. ಪೊಲೀಸ್ ಭಾಷೆಯಲ್ಲಿ ಅದರರ್ಥ, ಬಂದೂಕು ಗುರಿಯಿಟ್ಟು ಸಿದ್ಧವಾಗಿರು. ಮರೀನ್‌ಗಳ ಭಾಷೆಯಲ್ಲಿ, ಎದುರಾಳಿ ತಲೆಯೆತ್ತದಂತೆ ಗುಂಡಿನ ಮಳೆ ಸುರಿಸು. ಒಳಗೆ ಮಕ್ಕಳಿದ್ದ ಮನೆಯ ಮೇಲೆ 200ಕ್ಕೂ ಹೆಚ್ಚು ಗುಂಡು ಹಾರಿದವು. ಯಾರಿಗೂ ತಾಗದೇ ಇದ್ದದ್ದು ಪುಣ್ಯ.

"ಕಾಯ್ದೆ ಮುರಿದವರಿಗೆ ಜೈಲಾಗಿದೆಯಾ?"

ಆ ಎರಡು ವರ್ಷದ ಶಿಕ್ಷೆ ಪುಸ್ತಕದಲ್ಲಿಯೇ ಉಳಿದಿದೆ. ಕೇಸು ಹಾಕಬೇಕಾದವರು ಅಧ್ಯಕ್ಷರ ಕೈಕೆಳಗಿನ ನ್ಯಾಯ ಇಲಾಖೆಯವರು. ಅವರು ತಮ್ಮದೇ ಸರ್ಕಾರದ ಮೇಲೆ ಹಾಕುವರೇ? ಕ್ರಿಮಿನಲ್ ಕಾಯ್ದೆಯಾದ್ದರಿಂದ ಸಾಮಾನ್ಯ ಪ್ರಜೆ ಇದರಡಿ ಪರಿಹಾರ ಕೇಳಿ ದಾವೆ ಹೂಡುವುದೂ ಕಷ್ಟ. ಕಾಯ್ದೆ ಮುರಿದು ಸಂಪಾದಿಸಿದ ಸಾಕ್ಷ್ಯವನ್ನು ಕೋರ್ಟುಗಳು ತಳ್ಳಿಹಾಕಿದ್ದೂ ಅಪರೂಪ. ಕೊನೆಗೆ ಕೆಲಸಕ್ಕೆ ಬಂದದ್ದು ರಾಜ್ಯಗಳೇ ವಾದಿಗಳಾಗಿ "ಅಧಿಕಾರ ಮೀರಿದ ಕ್ರಮ ನಿಲ್ಲಿಸಿ" ಎಂದು ಕೇಳುವ ದಾರಿ. ಕ್ಯಾಲಿಫೋರ್ನಿಯಾ, ಆರೆಗಾನ್, ಇಲಿನಾಯ್ ಮೂರೂ ಹೋದದ್ದು ಅದರಲ್ಲೇ. ಅಂದಮೇಲೆ ರಾಜ್ಯದ ಗವರ್ನರೇ ಅಧ್ಯಕ್ಷರ ಪಕ್ಷದವರಾದರೆ ಕೋರ್ಟಿನ ಮೆಟ್ಟಿಲು ಹತ್ತುವವರು ಯಾರು?

"ಮಿಲಿಟರಿ ವಕೀಲರನ್ನೇ ವಲಸೆ ಕೋರ್ಟಿಗೆ ಜಡ್ಜ್ ಮಾಡ್ತಾರಂತೆ?"

2025ರ ಸೆಪ್ಟೆಂಬರ್‌ನಲ್ಲಿ ರಕ್ಷಣಾ ಇಲಾಖೆ 600 ಮಂದಿಯವರೆಗೆ ತನ್ನ ವಕೀಲರನ್ನು ತಾತ್ಕಾಲಿಕ ವಲಸೆ ನ್ಯಾಯಾಧೀಶರಾಗಿ ಎರವಲು ಕೊಡಲು ಒಪ್ಪಿತು. ಬಂದೂಕಿಲ್ಲ, ಗಸ್ತಿಲ್ಲ, ಮೇಜಿನ ಹಿಂದೆ ಕೂತು ಗಡೀಪಾರಿನ ಆದೇಶಕ್ಕೆ ಸಹಿ ಹಾಕುವ ಕೆಲಸ. ಅದು "ಕಾನೂನು ಜಾರಿ" ಅಲ್ಲವೇ? ಆಗುತ್ತದೆ ಎಂದೇ ನನ್ನ ಅನಿಸಿಕೆ. ಸೈನಿಕನಲ್ಲದ ಸಾಮಾನ್ಯನೊಬ್ಬ ಆ ಆದೇಶಕ್ಕೆ ತಲೆಬಾಗಲೇಬೇಕಾಗುತ್ತದೆ, ವೂಂಡೆಡ್ ನೀ ಪ್ರಕರಣದ ಮೂರನೇ ಪ್ರಶ್ನೆ ಕೇಳಿದ್ದು ಅದನ್ನೇ. ಆದರೆ ವಲಸೆ ನ್ಯಾಯಾಧೀಶರು ಅಲ್ಲಿ ನ್ಯಾಯಾಂಗದವರಲ್ಲ, ನ್ಯಾಯ ಇಲಾಖೆಯ ನೌಕರರು. ಎರವಲು ಬಂದವನು ಯಾವ ಟೋಪಿ ಹಾಕಿಕೊಂಡು ಆ ಮೇಜಿನ ಹಿಂದೆ ಕೂತ ಅನ್ನುವ ಲೆಕ್ಕ ಇಲ್ಲೂ ಶುರುವಾಗುತ್ತದೆ.